ಬೋರ್ ಒಳಗಿನಿಂದ ಹಿಡಿತ: ತೆಳು ರಿಂಗ್‌ನಿಂದ ಸಿಕ್ಕಿಬಿದ್ದ ಬೇರಿಂಗ್‌ವರೆಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ಜಾತಿಯವು. ಟೊಳ್ಳಾದ ಪಾರ್ಟ್ ಕೈಯಲ್ಲಿದೆ, ಹೊರಗಿನಿಂದ ಹಿಡಿಯಲು ಜಾಗವಿಲ್ಲ, ಬೋರ್, ಅಂದರೆ ತೂತಿನ ಒಳಗಿನಿಂದ ಹಿಡಿಯುವುದು ಹೇಗೆ ಅಂತ. ಮೊದಲ ಪ್ರಶ್ನೆಗೆ ಉದ್ದದ ಉತ್ತರ ಕೊಟ್ಟಿದ್ದೇನೆ. ಆ ತೊಂದರೆ ಸಣ್ಣ ವರ್ಕ್‌ಶಾಪ್‌ಗಳಲ್ಲಿ ತುಂಬಾ ಸಾಮಾನ್ಯ. ಆದರೂ ಅದರ ಕಾರಣ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಕುಶಾಲನಗರದಲ್ಲಿ ನನ್ನದು ಸಣ್ಣ ಲೇತ್ ವರ್ಕ್‌ಶಾಪ್. ಫೆಬ್ರವರಿ, ಮಾರ್ಚ್ ಬಂದರೆ ಕಾಫಿ ತೋಟದ ಸ್ಪ್ರಿಂಕ್ಲರ್ ಪಂಪ್‌ಗಳ ರಿಪೇರಿ ಜಾಸ್ತಿ. ಇಂಪೆಲರ್ (ನೀರು ತಳ್ಳುವ ಚಕ್ರ) ಕುತ್ತಿಗೆಗೆ ಕೂರಿಸುವ ಗನ್‌ಮೆಟಲ್ (ಒಂದು ಬಗೆಯ ಕಂಚು) ವೇರ್ ರಿಂಗ್, ಅಂದರೆ ಸವೆಯುವ ಬಳೆ, ಮಾಡಿಕೊಡುತ್ತೇನೆ. ಎರಕದ ಗಿಡ್ಡ ತುಂಡುಗಳು ಬರುತ್ತವೆ. ಬೋರ್ 60 ಮಿ.ಮೀ., ಹೊರ ವ್ಯಾಸ 66, ಅಗಲ 20. ಬೋರ್ ಮಾಡಿದ ಮೇಲೆ ಮೂರು ಜಾ (ಹಿಡಿಯುವ ದವಡೆ) ಇರುವ ಚಕ್‌ನಲ್ಲಿ ಆ ದವಡೆಗಳನ್ನು ಒಳಗಿನಿಂದ ಅಗಲಿಸಿ ಹಿಡಿದು ಹೊರಮೈ ಟರ್ನಿಂಗ್ ಮಾಡುತ್ತೇನೆ. ಮೈಕ್ರೋಮೀಟರ್ ಎಲ್ಲಿ ಹಿಡಿದರೂ 66 ಸರಿಯಾಗಿ ತೋರಿಸುತ್ತದೆ. ಪಂಪ್‌ಗೆ ಹಾಕಿ ಕೈಯಲ್ಲಿ ತಿರುಗಿಸಿದರೆ ಮಾತ್ರ ರಿಂಗ್ ಉಜ್ಜುತ್ತದೆ. ಬಿಚ್ಚಿ ನೋಡಿದರೆ ಮೂರು ಕಡೆ ಗುರುತು. ತಪ್ಪು ಎಲ್ಲಿದೆ?

ತಪ್ಪು ಹಿಡಿತದಲ್ಲಿದೆ. ಅದನ್ನು ಮುಚ್ಚಿಡುತ್ತಿರುವುದು ನಿಮ್ಮ ಮೈಕ್ರೋಮೀಟರ್.

3 ಮಿ.ಮೀ. ಗೋಡೆಯ ರಿಂಗ್ ತುಂಬಾ ಮೆತ್ತಗಿರುತ್ತದೆ. ಮೂರು ಜಾ ಒಳಗಿನಿಂದ ಒತ್ತಿದಾಗ ಆ ಮೂರು ಜಾಗ ಹೊರಕ್ಕೆ ಉಬ್ಬುತ್ತದೆ. ಉಬ್ಬಿದ ಸ್ಥಿತಿಯಲ್ಲೇ ಟೂಲ್ ಅದನ್ನು ಗುಂಡಗೆ ಕಡೆಯುತ್ತದೆ. ಚಕ್ ಸಡಿಲ ಮಾಡಿದ ಕ್ಷಣ ಉಬ್ಬಿದ ಜಾಗ ಒಳಕ್ಕೆ ಹೋಗುತ್ತದೆ, ನಡುವಿನ ಮೂರು ಜಾಗ ಎದ್ದು ನಿಲ್ಲುತ್ತದೆ. ಪಂಪ್‌ನಲ್ಲಿ ಉಜ್ಜುವುದು ಆ ಮೂರೇ.

ಮೈಕ್ರೋಮೀಟರ್ ಎದುರುಬದುರಿನ ಎರಡು ಬಿಂದುಗಳ ನಡುವೆ ಅಳೆಯುತ್ತದೆ. ಮೂರು ಉಬ್ಬಿನ ಆಕಾರದಲ್ಲಿ ಒಂದು ಉಬ್ಬಿನ ಸರಿಯಾದ ಎದುರಿಗೆ ಒಂದು ತಗ್ಗು ಇರುತ್ತದೆ. ಇಲ್ಲಿ ಎಷ್ಟು ಜಾಸ್ತಿಯೋ ಅಲ್ಲಿ ಅಷ್ಟು ಕಡಿಮೆ. ಒಟ್ಟು ಅಳತೆ ಎಲ್ಲಿ ಹಿಡಿದರೂ 66 ಬರುತ್ತದೆ! ಹಾಗಾಗಿ ಈ ತಪ್ಪು ಹುಡುಕಲು ರಿಂಗನ್ನು ವಿ-ಬ್ಲಾಕ್ (V ಆಕಾರದ ತಗ್ಗಿರುವ ಕಟ್ಟೆ) ಮೇಲಿಟ್ಟು, ಮೇಲಿನಿಂದ ಡಯಲ್ ಗೇಜ್ (ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ತಾಗಿಸಿ, ನಿಧಾನವಾಗಿ ತಿರುಗಿಸಿ. ಒಂದು ಸುತ್ತಿಗೆ ಮುಳ್ಳು ಮೂರು ಸಲ ಏರಿ ಇಳಿದರೆ ಅನುಮಾನವೇ ಬೇಡ. 90 ಡಿಗ್ರಿಯ ವಿ-ಬ್ಲಾಕ್‌ನಲ್ಲಿ ಮೂರು ಉಬ್ಬಿನ ತಪ್ಪು ಇರುವುದಕ್ಕಿಂತ ಸುಮಾರು ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ನಮಗೆ ಅದು ಅನುಕೂಲವೇ.

ಈಗ ಪರಿಹಾರ. ಉದ್ದದ ಎರಕ ಸಿಗುವುದಾದರೆ ಯಾವ ಹೊಸ ಸಾಧನವೂ ಬೇಡ. ಚಕ್‌ನಲ್ಲಿ ಒಂದೇ ಸಲ ಕಟ್ಟಿ, ಬೋರ್ ಮತ್ತು ಹೊರಮೈ ಎರಡನ್ನೂ ಮುಗಿಸಿ, ಕೊನೆಗೆ ಪಾರ್ಟಿಂಗ್ ಟೂಲ್‌ನಿಂದ ಕತ್ತರಿಸಿ. ಎರಕದವರಿಗೆ ಹೇಳಿ ಮುಂದಿನ ಸಲ ಉದ್ದದ ತುಂಡು ಮಾಡಿಸಲು ಆಗುತ್ತದಾ ನೋಡಿ. ಎರಡೂ ಮೈ ಒಂದೇ ಕಟ್ಟಿನಲ್ಲಿ ಮುಗಿದರೆ ಸಿಗುವ ನಿಖರತೆಗೆ ಬೇರೆ ಯಾವ ಉಪಾಯವೂ ಸಮವಲ್ಲ.

ಕೈಯಲ್ಲಿರುವುದು ಗಿಡ್ಡ ತುಂಡುಗಳೇ ಆದರೆ, ಬೋರ್‌ನ ಸುತ್ತಲೂ ಸಮವಾಗಿ ಒತ್ತುವ ಹಿಡಿತ ಬೇಕು. ಅದಕ್ಕೇ ಎಕ್ಸ್‌ಪ್ಯಾಂಡಿಂಗ್ ಮ್ಯಾಂಡ್ರೆಲ್, ಅಂದರೆ ಬೋರ್ ಒಳಗೆ ಕೂತು ಅಗಲವಾಗಿ ಹಿಡಿಯುವ ದಿಂಡು. ಬೋಲ್ಟ್ ಬಿಗಿ ಮಾಡಿದಾಗ ಒಂದು ಕೋನ್ ಅದರ ಸೀಳಿದ ಬಾಯಿಯೊಳಗೆ ಹೋಗಿ ಅದನ್ನು ಅಗಲಿಸುತ್ತದೆ. ಈ ಅಳತೆಯದನ್ನು ನೀವೇ ಒಂದು ದಿನದಲ್ಲಿ ಮಾಡಿಕೊಳ್ಳಬಹುದು. 65 ಮಿ.ಮೀ.ಗಿಂತ ಸ್ವಲ್ಪ ದಪ್ಪದ ಎಂ.ಎಸ್. (ಮೆದು ಉಕ್ಕು) ರಾಡ್ ಸಾಕು.

ಮೊದಲು ಕೋನ್ ಮಾಡಿ. ಕಾಂಪೌಂಡ್ ಸ್ಲೈಡನ್ನು (ಟೂಲ್ ಕಟ್ಟುವ, ಓರೆಯಾಗಿ ತಿರುಗಿಸಬಹುದಾದ ಭಾಗ) 10 ಡಿಗ್ರಿಗೆ ತಿರುಗಿಸಿ ಬಿಗಿ ಮಾಡಿ. ಕೋನಿನ ದಪ್ಪ ತುದಿ ಟೇಲ್‌ಸ್ಟಾಕ್ ಕಡೆ, ಅಂದರೆ ಚಕ್‌ನ ಎದುರು ತುದಿಯ ಕಡೆ ಇರಲಿ. ನಡುವೆ 12 ಮಿ.ಮೀ. ಅಲೆನ್ ಬೋಲ್ಟ್ ಸಡಿಲವಾಗಿ ಹೋಗುವ ತೂತು ಹಾಕಿ. ಆಮೇಲೆ ಆ ಸೆಟ್ಟಿಂಗ್ ಮುಟ್ಟಲೇಬೇಡಿ. ಮ್ಯಾಂಡ್ರೆಲ್‌ನ ಒಳಗಿನ ಇಳಿಜಾರನ್ನೂ ಅದೇ ಸೆಟ್ಟಿಂಗ್‌ನಲ್ಲಿ ಬೋರ್ ಮಾಡಿದರೆ ಎರಡೂ ಒಂದಕ್ಕೊಂದು ಪೂರ್ತಿ ಕೂರುತ್ತವೆ.

10 ಡಿಗ್ರಿಯೇ ಯಾಕೆ? ಎಣ್ಣೆ ಸವರಿದ ಉಕ್ಕಿನ ಮೇಲೆ ಉಕ್ಕು ಕೂತಾಗ, ಒಂದು ಬದಿಯ ಇಳಿಜಾರು ಸುಮಾರು 7 ಡಿಗ್ರಿಗಿಂತ ಕಡಿಮೆಯಿದ್ದರೆ ಕೋನ್ ಕಚ್ಚಿಕೊಂಡುಬಿಡುತ್ತದೆ. ಮೋರ್ಸ್ ಟೇಪರ್, ಅಂದರೆ ದೊಡ್ಡ ಡ್ರಿಲ್‌ನ ಬಾಲದಲ್ಲಿರುವ ಇಳಿಜಾರು, ಸ್ಲೀವ್‌ನಲ್ಲಿ ಗಟ್ಟಿಯಾಗಿ ನಿಲ್ಲುವುದು ಇದೇ ಕಾರಣಕ್ಕೆ. ಅದರ ಇಳಿಜಾರು ಒಂದು ಬದಿಗೆ ಸುಮಾರು ಒಂದೂವರೆ ಡಿಗ್ರಿ ಅಷ್ಟೇ. ನಮಗೆ ಬೋಲ್ಟ್ ಸಡಿಲಿಸಿದ ಕೂಡಲೇ ಕೋನ್ ಬಿಟ್ಟುಕೊಡಬೇಕು. 10 ಇದ್ದರೆ ಮೆಲ್ಲಗೆ ಒಂದು ತಟ್ಟು ಸಾಕು.

ಈಗ ಮ್ಯಾಂಡ್ರೆಲ್. ರಾಡನ್ನು ಚಕ್‌ನಲ್ಲಿ ಗಟ್ಟಿಯಾಗಿ ಕಟ್ಟಿ, ಮುಂದಿನ 18 ಮಿ.ಮೀ. ಉದ್ದವನ್ನು 60ಕ್ಕೆ ಒಂದು ಮಿ.ಮೀ. ಜಾಸ್ತಿ ಉಳಿಸಿ ಇಳಿಸಿ. ಹಿಂದೆ ರಿಂಗ್ ಒರಗಿ ನಿಲ್ಲಲು ಒಂದು ಮೆಟ್ಟಿಲು ಬೇಕು. ಆ ಮೆಟ್ಟಿಲಿನ ವ್ಯಾಸ 64ರ ಹತ್ತಿರ ಇರಲಿ. 66ಕ್ಕಿಂತ ದೊಡ್ಡದಾದರೆ ಟೂಲ್ ಹೋಗಿ ಅದಕ್ಕೆ ಬಡಿಯುತ್ತದೆ. ಒಳಗೆ ಬೋರ್ ಮಾಡಿ ಸುತ್ತ 6 ಮಿ.ಮೀ. ಆಸುಪಾಸಿನ ಗೋಡೆ ಉಳಿಸಿ, ಬಾಯಿಯಲ್ಲಿ 10 ಡಿಗ್ರಿ ಇಳಿಜಾರು ಕೊಡಿ, ತಳದಲ್ಲಿ ಬೋಲ್ಟ್‌ಗೆ ಟ್ಯಾಪ್ ಹೊಡೆಯಿರಿ (ಒಳ ಥ್ರೆಡ್ ಮಾಡಿ). ಒಳಗಿನ ಈ ಟೊಳ್ಳು ಮೆಟ್ಟಿಲು ದಾಟಿ ಹಿಂದಕ್ಕೆ ಹೋಗಬೇಕು. ಗೋಡೆ ದಪ್ಪ ಬಿಟ್ಟರೆ ಬೋಲ್ಟ್ ಎಷ್ಟು ತಿರುಗಿಸಿದರೂ ಅದು ಅಗಲವಾಗುವುದಿಲ್ಲ.

ಒಂದನೇ ನಂಬರ್ ಜಾ ಎದುರಿಗೆ ರಾಡ್ ಮೇಲೆ ಗುರುತು ಹಾಕಿ ಬಿಚ್ಚಿ. ವೈಸ್‌ನಲ್ಲಿ ಕಟ್ಟಿ ಹ್ಯಾಕ್ಸಾದಿಂದ ಆರು ಸೀಳು ಹಾಕಿ. ಸೀಳು ಕೊನೆಯಾಗುವ ಜಾಗದಲ್ಲಿ ಮೊದಲೇ 4 ಮಿ.ಮೀ. ತೂತು ಹಾಕಿದ್ದರೆ ಅಲ್ಲಿಂದ ಬಿರುಕು ಬಿಡುವುದಿಲ್ಲ. ಸೀಳು ಕೂಡ ಮೆಟ್ಟಿಲಿನ ಹಿಂದಿನವರೆಗೆ ಹೋಗಲಿ. ಅಂಚಿನ ಚೂರುಗಳನ್ನೆಲ್ಲ ಅರದಿಂದ ತೆಗೆದು, ಗುರುತು ನೋಡಿ ಅದೇ ಒಂದನೇ ನಂಬರ್ ಜಾ ಎದುರಿಗೆ ಬರುವಂತೆ ಮತ್ತೆ ಕಟ್ಟಿ.

ಮುಂದಿನ ಹೆಜ್ಜೆಯನ್ನು ಹಲವರು ತಿರುಗುಮುರುಗಾಗಿ ಮಾಡುತ್ತಾರೆ. ಕೋನ್ ಹಾಕಿ, ಬೋಲ್ಟನ್ನು ಸ್ವಲ್ಪ ಬಿಗಿ ಮಾಡಿದ ಮೇಲೆ ಹೊರಮೈಯ ಕೊನೆಯ ಫಿನಿಶಿಂಗ್ ಕಟ್ ತೆಗೆದುಕೊಳ್ಳಿ. ಮೆಟ್ಟಿಲಿನ ಮುಖವನ್ನೂ ಆಗಲೇ ಒಮ್ಮೆ ಸವರಿ. ಬಿಗಿಯಾದ ಸ್ಥಿತಿಯಲ್ಲಿ ಮ್ಯಾಂಡ್ರೆಲ್‌ನ ಹೊರಮೈ ನಿಮ್ಮ ರಿಂಗ್‌ನ ಬೋರ್‌ನಷ್ಟೇ ಬರಬೇಕು. ಬೋಲ್ಟ್ ಸಡಿಲಿಸಿದರೆ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ, ರಿಂಗ್ ಸಲೀಸಾಗಿ ಏರುತ್ತದೆ. ಬಿಗಿ ಮಾಡಿದರೆ ಸರಿಯಾದ ಗುಂಡಗಿನ ಆಕಾರಕ್ಕೇ ಮರಳಿ, ಉದ್ದಕ್ಕೂ ತಾಗುತ್ತದೆ. ಸಡಿಲ ಇದ್ದಾಗ ಅಳತೆಗೆ ತಂದು ಆಮೇಲೆ ಬಿಗಿ ಮಾಡಿದರೆ ಕೊಡೆ ಬಿಚ್ಚಿದ ಹಾಗೆ ಬಾಯಿಯ ಕಡೆ ಮಾತ್ರ ಅಗಲವಾಗುತ್ತದೆ, ಬುಡ ಹಾಗೇ ಉಳಿಯುತ್ತದೆ.

ಇದೇ ಕಾರಣಕ್ಕೆ ಒಂದೇ ಮ್ಯಾಂಡ್ರೆಲ್‌ನಲ್ಲಿ 58ರಿಂದ 62ರವರೆಗೆ ಎಲ್ಲವನ್ನೂ ಹಿಡಿಯುವ ಆಸೆ ಬೇಡ. ಒಂದು ಬೋರ್‌ಗೆ ಒಂದು ಮ್ಯಾಂಡ್ರೆಲ್. ಅಗಲವಾಗುವುದು ಒಂದು ಮಿ.ಮೀ.ಯ ಇಪ್ಪತ್ತನೇ ಒಂದು ಭಾಗ ಇದ್ದರೆ ಧಾರಾಳ. ಆದ್ದರಿಂದ ರಿಂಗ್‌ಗಳ ಬೋರ್ ಅಳತೆ ಒಂದೇ ಸಮ ಇರಬೇಕು. 60ಕ್ಕೆ ಎಚ್7 (ಬೋರ್ ಅಳತೆಗೆ ಬಿಡುವ ಹೆಚ್ಚುಕಡಿಮೆಯ ಮಿತಿ) ಅಂದರೆ 60.00ರಿಂದ 60.03. ಅಷ್ಟರೊಳಗೆ ಬೋರ್ ಇಟ್ಟುಕೊಳ್ಳಿ. ಎರಕದ ಗೋಡೆ ಇನ್ನೂ ದಪ್ಪ ಇರುವಾಗಲೇ ಬೋರ್ ಮುಗಿಸಿ, ಆಗ ಚಕ್ ಅದನ್ನು ಅಷ್ಟಾಗಿ ಬಾಗಿಸುವುದಿಲ್ಲ.

ಹಾಕುವ ಮುಂಚೆ ಮ್ಯಾಂಡ್ರೆಲ್ ಮತ್ತು ಬೋರ್ ಎರಡನ್ನೂ ಎಣ್ಣೆ ಇಲ್ಲದಂತೆ ಒರೆಸಿ. ರಿಂಗ್ ನಿಲ್ಲುವುದು ಘರ್ಷಣೆಯಿಂದ ಮಾತ್ರ. ಎಣ್ಣೆ ಬೇಕಾಗಿರುವುದು ಕೋನಿಗೆ. ಅಲೆನ್ ಕೀಗೆ ಪೈಪ್ ಹಾಕಿ ತಿರುಗಿಸಬೇಡಿ, ಕೈ ಬಲ ಸಾಕು. ಫೀಡ್ (ಟೂಲ್ ಸಾಗುವ ದಿಕ್ಕು) ಯಾವಾಗಲೂ ಚಕ್ ಕಡೆಗೆ ಕೊಡಿ. ಆಗ ಟೂಲ್‌ನ ಒತ್ತಡ ರಿಂಗನ್ನು ಮೆಟ್ಟಿಲಿಗೆ ಒತ್ತುತ್ತದೆ. ಚೂಪಾದ ಟೂಲ್, ಗನ್‌ಮೆಟಲ್‌ಗೆ ರೇಕ್ (ಟೂಲ್‌ನ ಮೇಲ್ಮೈಯ ಓರೆ) ಸೊನ್ನೆಯ ಹತ್ತಿರ, ಒಂದು ಸಲಕ್ಕೆ 0.2 ಮಿ.ಮೀ. ಆಳ. ಜಾಸ್ತಿ ಆಳ ಹೋದರೆ ರಿಂಗ್ ಜಾರಿ ತಿರುಗಿ ಬೋರ್ ಗೀರಿಹೋಗುತ್ತದೆ.

ಪ್ರಶ್ನೆ: ನಾನು ಸೋಮವಾರಪೇಟೆಯ ಐಟಿಐ ವಿದ್ಯಾರ್ಥಿ, ಟರ್ನರ್ ಟ್ರೇಡ್. ಗಟ್ಟಿ ಮ್ಯಾಂಡ್ರೆಲ್ ಇರುವಾಗ ಎಕ್ಸ್‌ಪ್ಯಾಂಡಿಂಗ್ ಮ್ಯಾಂಡ್ರೆಲ್ ಯಾಕೆ ಬೇಕು ಸರ್? ಹೈಡ್ರಾಲಿಕ್ ಮ್ಯಾಂಡ್ರೆಲ್ ಅಂದರೆ ಏನು?

ಗಟ್ಟಿ ಮ್ಯಾಂಡ್ರೆಲ್ ನೋಡಲು ನೇರ, ಆದರೆ ಅದರಲ್ಲಿ ಸಣ್ಣ ಇಳಿಜಾರಿದೆ. ಒಂದು ಮೀಟರ್‌ಗೆ ಸುಮಾರು ಅರ್ಧ ಮಿ.ಮೀ. ಅದನ್ನು ಬೋರ್‌ಗೆ ಒತ್ತಿ ಕೂರಿಸಿ, ಎರಡು ಸೆಂಟರ್‌ಗಳ (ಲೇತ್‌ನ ಚೂಪು ಮೊನೆಗಳು) ನಡುವೆ ಕಟ್ಟಿ, ಕ್ಯಾರಿಯರ್ (ತಿರುಗಿಸುವ ಹಿಡಿ) ಹಾಕಿ ತಿರುಗಿಸುತ್ತೇವೆ.

ಒಂದು ಲೆಕ್ಕ ಮಾಡಿ ನೋಡಿ. 25 ಮಿ.ಮೀ. ಬೋರ್‌ಗೆ ಎಚ್7 ಟಾಲರೆನ್ಸ್ 0.021 ಮಿ.ಮೀ. ಒಂದು ಪಾರ್ಟ್‌ನ ಬೋರ್ ಸರಿಯಾಗಿ 25, ಇನ್ನೊಂದರದು 25.021 ಅಂದುಕೊಳ್ಳಿ. ಎರಡೂ ಪಾಸ್. ಆದರೆ ಆ ಇಳಿಜಾರಿನ ಮೇಲೆ ಎರಡನೆಯದು ಮೊದಲನೆಯದಕ್ಕಿಂತ 42 ಮಿ.ಮೀ. ಮುಂದೆ ಹೋಗಿ ನಿಲ್ಲುತ್ತದೆ. ಪ್ರತಿ ಪಾರ್ಟ್‌ಗೂ ಟೂಲ್ ಸ್ಥಾನ ಬದಲಿಸಬೇಕು. ಮೇಲಾಗಿ ಬೋರ್‌ನ ಒಂದು ತುದಿಯಲ್ಲಿ ಮಾತ್ರ ಗಟ್ಟಿ ಹಿಡಿತ ಸಿಗುತ್ತದೆ.

ಎಕ್ಸ್‌ಪ್ಯಾಂಡಿಂಗ್ ಮ್ಯಾಂಡ್ರೆಲ್‌ನಲ್ಲಿ ಇಳಿಜಾರಿರುವುದು ಒಳಗೆ. ಟೇಪರ್ ಪಿನ್ ಮೇಲೆ ಒಂದು ಸೀಳಿದ ಸ್ಲೀವ್ ಕೂರುತ್ತದೆ, ಸ್ಲೀವ್‌ನ ಹೊರಮೈ ನೇರ. ಪಿನ್‌ನ ಇಳಿಜಾರು 1:100 ಇದ್ದರೆ, 10 ಮಿ.ಮೀ. ಒಳಕ್ಕೆ ತಳ್ಳಿದಾಗ ಸ್ಲೀವ್ 0.1 ಮಿ.ಮೀ. ಅಗಲವಾಗುತ್ತದೆ. ಒಳ್ಳೆಯ ಸ್ಲೀವ್‌ನಲ್ಲಿ ಒಂದು ಸೀಳು ಈ ತುದಿಯಿಂದ, ಮುಂದಿನದು ಆ ತುದಿಯಿಂದ ಬಂದಿರುತ್ತದೆ. ಹಾಗಿದ್ದರೆ ಎರಡೂ ತುದಿ ಸಮನಾಗಿ ಅಗಲವಾಗುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಮನೆಯಲ್ಲಿ ಮಾಡುವ ಮ್ಯಾಂಡ್ರೆಲ್‌ಗೆ ಈ ಗುಣ ಇಲ್ಲ, ನೆನಪಿಡಿ.

ಹೈಡ್ರಾಲಿಕ್‌ನಲ್ಲಿ ಸೀಳೇ ಇರುವುದಿಲ್ಲ. ತೆಳುವಾದ ಉಕ್ಕಿನ ತೋಳಿನ ಕೆಳಗೆ ಎಣ್ಣೆ ತುಂಬಿರುತ್ತದೆ. ಒಂದು ಸ್ಕ್ರೂ ತಿರುಗಿಸಿದರೆ ಒಳಗಿನ ಪಿಸ್ಟನ್ ಎಣ್ಣೆಯನ್ನು ಒತ್ತುತ್ತದೆ, ತೋಳು ಸುತ್ತಲೂ ಸಮವಾಗಿ ಉಬ್ಬುತ್ತದೆ. ಉಬ್ಬುವುದು ಸಾಮಾನ್ಯವಾಗಿ ವ್ಯಾಸದ ಶೇ. 0.3ರ ಆಸುಪಾಸು ಮಾತ್ರ. ಗೇರ್ ಗ್ರೈಂಡಿಂಗ್‌ನಂತಹ, ಕೆಲವೇ ಮೈಕ್ರಾನ್ ಔಟ್ (ತಿರುಗುವಾಗಿನ ಓಲಾಟ) ಇರಬೇಕಾದ ಕೆಲಸಕ್ಕೆ ಅದು. ಮುಂದೆ ದೊಡ್ಡ ಕಾರ್ಖಾನೆಗೆ ಕೆಲಸಕ್ಕೆ ಹೋದಾಗ ಅದು ಸಿಕ್ಕರೆ, ಮೇಲೆ ಪಾರ್ಟ್ ಇಲ್ಲದೆ ಸುಮ್ನೆ ಬಿಗಿ ಮಾಡಬೇಡಿ. ತೋಳು ಮಿತಿ ಮೀರಿ ಉಬ್ಬಿದರೆ ಮತ್ತೆ ಹಳೆಯ ಅಳತೆಗೆ ಬರುವುದಿಲ್ಲ.

ಇನ್ನೊಂದು ವಿಷಯ. ಅಲ್ಯೂಮಿನಿಯಂ ಪಾರ್ಟ್ ಟರ್ನಿಂಗ್ ಮಾಡುವಾಗ ಬಿಸಿಯಾಗಿ ಹಿಡಿತ ಸಡಿಲಾಗುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಹಿಗ್ಗುತ್ತದೆ, ಅಲ್ವಾ? 50 ಮಿ.ಮೀ. ಬೋರ್‌ನಲ್ಲಿ ಎರಡೂ 20 ಡಿಗ್ರಿ ಬಿಸಿಯಾದರೆ ಸುಮಾರು 0.01 ಮಿ.ಮೀ. ಬಿಟ್ಟುಕೊಡುತ್ತದೆ. ಕೊನೆಯ ಕಟ್‌ಗೆ ಮುಂಚೆ ತಣ್ಣಗಾಗಲು ಬಿಟ್ಟು, ಬಿಗಿ ಒಮ್ಮೆ ನೋಡಿ.

ಪ್ರಶ್ನೆ: ಸಿದ್ದಾಪುರ. ಕರಿಮೆಣಸು ಬಿಡಿಸುವ ಯಂತ್ರಕ್ಕೆ 4 ಇಂಚಿನ ಎಂ.ಎಸ್. ಪೈಪ್‌ನಿಂದ ರೋಲರ್ ಮಾಡುತ್ತಿದ್ದೇನೆ, ಉದ್ದ ಎರಡು ಅಡಿ. ಇದನ್ನು ಒಳಗಿನಿಂದ ಹಿಡಿದು ಟರ್ನಿಂಗ್ ಮಾಡಲು ಎಂತಹ ಮ್ಯಾಂಡ್ರೆಲ್ ಬೇಕು?

ಮ್ಯಾಂಡ್ರೆಲ್ ಬೇಡ. ವೆಲ್ಡಿಂಗ್ ಮಾಡಿ ತಯಾರಿಸಿದ ಪೈಪ್‌ನ ಒಳಗೆ ಉದ್ದಕ್ಕೂ ವೆಲ್ಡಿಂಗ್‌ನ ಏಣು ಇರುತ್ತದೆ, ಒಳಮೈ ಗುಂಡಗೂ ಇರುವುದಿಲ್ಲ. ಅದನ್ನು ಆಧಾರ ಮಾಡಿಕೊಂಡರೆ ಅದರ ಸೊಟ್ಟವೇ ಹೊರಮೈಗೂ ಬರುತ್ತದೆ.

ಪೈಪ್‌ನ ಒಂದು ತುದಿಯನ್ನು ನಾಲ್ಕು ಜಾ ಚಕ್‌ನಲ್ಲಿ ಕಟ್ಟಿ, ಇನ್ನೊಂದು ತುದಿಗೆ ತಿರುಗುವ ಪೈಪ್ ಸೆಂಟರ್ ಕೊಡಿ. ಸೆಂಟರ್ ಹತ್ತಿರ ಹೊರಮೈಯಲ್ಲಿ ಸ್ಟೆಡಿ ರೆಸ್ಟ್ (ತಿರುಗುವ ಉದ್ದ ಪಾರ್ಟ್‌ಗೆ ಕೊಡುವ ಆಸರೆ) ಕೂರಲು ಒಂದು ಪಟ್ಟಿ ಗುಂಡಗೆ ಕಡೆಯಿರಿ. ಸ್ಟೆಡಿ ಕಟ್ಟಿ, ಸೆಂಟರ್ ತೆಗೆದು, ತುದಿಯನ್ನು ಫೇಸಿಂಗ್ ಮಾಡಿ (ಮುಖ ಸಮ ಮಾಡಿ) ಒಳಗೆ ಪ್ಲೇಟ್ ಕೂರುವಷ್ಟು ಬೋರ್ ಮಾಡಿ. ಪೈಪ್ ತಿರುಗಿಸಿ ಇನ್ನೊಂದು ತುದಿಗೂ ಹಾಗೇ. ಪ್ಲೇಟ್ ಮತ್ತು ಶಾಫ್ಟ್ ಹಾಕಿ ವೆಲ್ಡ್ ಮಾಡಿ. ಪೂರ್ತಿ ತಣ್ಣಗಾದ ಮೇಲೆ ಶಾಫ್ಟ್‌ನ ಸೆಂಟರ್‌ಗಳ ನಡುವೆ ಕಟ್ಟಿ, ಬೇರಿಂಗ್ ಕೂರುವ ಜಾಗ ಮತ್ತು ರೋಲರ್ ಮೈ ಎರಡನ್ನೂ ಒಟ್ಟಿಗೆ ಮುಗಿಸಿ. ರೋಲರ್ ಯಂತ್ರದಲ್ಲಿ ತಿರುಗುವುದು ಆ ಶಾಫ್ಟ್ ಮೇಲೆ ತಾನೆ?

ಪಿವಿಸಿ ಅಥವಾ ತೆಳು ಅಲ್ಯೂಮಿನಿಯಂ ಪೈಪ್‌ಗೆ ಮರಳು ಕಾಗದ ಹೊಡೆಯುವಂಥ ಹಗುರ ಕೆಲಸ ಇದ್ದರೆ ರಬ್ಬರ್ ಮ್ಯಾಂಡ್ರೆಲ್ ಸಾಕು. ಎರಡು ವಾಷರ್‌ಗಳ ನಡುವೆ ದಪ್ಪ ರಬ್ಬರ್ ಇಟ್ಟು ಬೋಲ್ಟ್ ಬಿಗಿ ಮಾಡಿದರೆ ರಬ್ಬರ್ ಪಕ್ಕಕ್ಕೆ ಉಬ್ಬಿ ಪೈಪ್ ಹಿಡಿಯುತ್ತದೆ.

ಪ್ರಶ್ನೆ: ಗೋಣಿಕೊಪ್ಪ. ತೋಟದ ಕಳೆ ಕತ್ತರಿಸುವ ಯಂತ್ರದ ಗೇರ್ ಹೆಡ್‌ನಲ್ಲಿ ಒಂದು ಸಣ್ಣ ಬೇರಿಂಗ್ ಸಿಕ್ಕಿಕೊಂಡಿದೆ. ಹಿಂದಿನಿಂದ ಹೊಡೆದು ತೆಗೆಯಲು ತೂತೇ ಇಲ್ಲ. ಏನು ಮಾಡಲಿ?

ಮೊದಲು ಬಿಸಿ ಮಾಡಿ. ಗೇರ್ ಹೆಡ್ ಅಲ್ಯೂಮಿನಿಯಂ, ಬೇರಿಂಗ್ ಉಕ್ಕು. ಸೀಲ್, ಗ್ರೀಸ್ ಎಲ್ಲ ತೆಗೆದು, ಹಾಟ್ ಏರ್ ಗನ್‌ನಿಂದ ಹೊರಗಿನಿಂದ ಸುಮಾರು 100 ಡಿಗ್ರಿವರೆಗೆ ಬಿಸಿ ಮಾಡಿ. ದಪ್ಪ ಕೈಗವಸು ಹಾಕಿ, ಬೇರಿಂಗ್ ಕೆಳಮುಖವಾಗುವಂತೆ ಹಿಡಿದು ಮರದ ತುಂಡಿನ ಮೇಲೆ ತಟ್ಟಿ. ಎಷ್ಟೋ ಸಲ ಇಷ್ಟಕ್ಕೇ ಬಿದ್ದುಬಿಡುತ್ತದೆ. ಗ್ಯಾಸ್ ಜ್ವಾಲೆ ಮಾತ್ರ ಬೇಡ, ಅಲ್ಯೂಮಿನಿಯಂ ಕರಗುವ ಮುಂಚೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ.

ಬೀಳದಿದ್ದರೆ ಒಳಗಿನಿಂದ ಹಿಡಿಯುವ ಬೇರಿಂಗ್ ಪುಲ್ಲರ್ ಬೇಕು. ಅದರ ಸೀಳಿದ ತುದಿಯನ್ನು ಬೇರಿಂಗ್ ಬೋರ್ ಒಳಗೆ ಇಳಿಸಿ ಅಗಲಿಸಿದರೆ ಅದರ ಅಂಚು ಹಿಂಬದಿಯಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಜಾರುವ ಸುತ್ತಿಗೆಯಿಂದ ಹೊರಕ್ಕೆ ಎಳೆಯುತ್ತಾರೆ. ಪುಲ್ಲರ್ ಸಿಗದಿದ್ದರೆ ಗೋಡೆಗೆ ಹಾಕುವ ಆ್ಯಂಕರ್ ಬೋಲ್ಟ್ ಉಪಯೋಗಕ್ಕೆ ಬರುತ್ತದೆ. ಬೇರಿಂಗ್ ಬೋರ್‌ಗೆ ಸರಿಯಾಗಿ ಇಳಿಯುವ ತೋಳಿನದನ್ನು ಆರಿಸಿ, ಒಳಗಿಟ್ಟು ನಟ್ ಬಿಗಿ ಮಾಡಿ, ಬೋಲ್ಟನ್ನು ವೈಸ್‌ನಲ್ಲಿ ಕಟ್ಟಿ, ಬಿಸಿಯಾದ ಗೇರ್ ಹೆಡ್ಡನ್ನು ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತಾ ಬಿಡಿಸಿ.

ಒಳ ರೇಸ್ (ಬೇರಿಂಗ್‌ನ ಒಳ ಬಳೆ) ಹಿಡಿದು ಎಳೆದಾಗ ಅಷ್ಟೂ ಏಟು ಗುಂಡುಗಳ ಮೂಲಕ ಹೊರ ರೇಸ್‌ಗೆ ಹೋಗುತ್ತದೆ. ರೇಸ್ ಮೇಲೆ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಹಾಗಾಗಿ ತೆಗೆದ ಬೇರಿಂಗ್ ಮತ್ತೆ ಹಾಕಬೇಡಿ. ಹೊರ ರೇಸ್ ಮೇಲಿನ ನಂಬರ್ ಓದಿ ಅಂಗಡಿಗೆ ಹೇಳಿ. 6201 ಇದ್ದರೆ ಒಳ ವ್ಯಾಸ, ಹೊರ ವ್ಯಾಸ, ಅಗಲ ಕ್ರಮವಾಗಿ 12, 32, 10 ಮಿ.ಮೀ. 6200 ಇದ್ದರೆ 10, 30, 9. ಹೊಸದನ್ನು ಕೂರಿಸುವಾಗಲೂ ಗೇರ್ ಹೆಡ್ ಬಿಸಿ ಮಾಡಿಕೊಳ್ಳಿ, ಮತ್ತು ಹೊರ ರೇಸ್ ಅನ್ನೇ ಒತ್ತಿ.