ಕೋಟಿಗಟ್ಟಲೆ ಸುರಿದು ಕಟ್ಟಿದ ಸಂಗೀತ ನಾಟಕ ಎಷ್ಟು ಕಾಲ ಓಡಬಹುದು?

ಇಂತಿಷ್ಟೇ ಎಂಬ ಮಿತಿ ಇಲ್ಲ. ವಾರದ ಕಲೆಕ್ಷನ್ ವಾರದ ಖರ್ಚಿಗಿಂತ ಹೆಚ್ಚಿರುವ ತನಕ ಓಡುತ್ತದೆ. ನ್ಯೂಯಾರ್ಕ್‌ನ ದೊಡ್ಡ ನಾಟಕ ಥೇಟರ್‌ಗಳಿರುವ ಬ್ರಾಡ್‌ವೇಯಲ್ಲಿ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' 1988ರ ಜನವರಿಯಿಂದ 2023ರ ಏಪ್ರಿಲ್‌ವರೆಗೆ 13,981 ಪ್ರದರ್ಶನ ಕಂಡಿತು, ನಡುವೆ ಕೋವಿಡ್ ಬಿಡುವು ಬಿಟ್ಟರೆ. ಆದರೆ ಕೆಲವೇ ವಾರಗಳಲ್ಲಿ ಮುಚ್ಚಿಹೋದ ದುಬಾರಿ ನಾಟಕಗಳೂ ಬಹಳ.

ಹಾಕಿದ ಬಂಡವಾಳವೇ ಬೇರೆ, ವಾರದ ಖರ್ಚೇ ಬೇರೆ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಬಂಡವಾಳ 100 ಕೋಟಿ, ಬಾಡಿಗೆ, ಪಗಾರ, ವಾದ್ಯದವರು, ಜಾಹೀರಾತು ಸೇರಿ ವಾರಕ್ಕೆ 5 ಕೋಟಿ. ಕಲೆಕ್ಷನ್ 6 ಕೋಟಿ ಬಂದರೆ ಅಸಲು ತೀರಲು 100 ವಾರ ಬೇಕು. ಅದೇ 4.5 ಕೋಟಿಗೆ ಇಳಿದರೆ ಪ್ರತಿ ವಾರ ಅರ್ಧ ಕೋಟಿ ಕೈಯಿಂದ ಹೋಗುತ್ತದೆ. ಅಸಲು ಬಂದಿರಲಿ ಬಿಡಲಿ, ನಿಲ್ಲಿಸುವುದೇ ಲೇಸು. ಸತತ ಎರಡು ವಾರ ಕಲೆಕ್ಷನ್ ಗೊತ್ತುಪಡಿಸಿದ ಮೊತ್ತಕ್ಕಿಂತ ಕುಸಿದರೆ ಥೇಟರ್ ಮಾಲೀಕ ಖಾಲಿ ಮಾಡಿಸಬಹುದು ಎಂಬ ಕರಾರೂ ಬ್ರಾಡ್‌ವೇಯಲ್ಲಿ ಸಾಮಾನ್ಯ. ಕ್ರಿಸ್‌ಮಸ್ ರಜೆ ಮುಗಿದು ಜನ ಕಡಿಮೆಯಾಗುವ ಜನವರಿ, ಫೆಬ್ರವರಿಯಲ್ಲಿ ಹೆಚ್ಚು ನಾಟಕ ನಿಲ್ಲುವುದು ಇದರಿಂದಲೇ.

ಕೊಪ್ಪಳದ ಗವಿಮಠದ ಜಾತ್ರೆಗೆ ಕ್ಯಾಂಪ್ ಹಾಕುವ ನಾಟಕ ಕಂಪನಿಯ ಲೆಕ್ಕವೂ ಇದೇ, ಆದರೆ ಸುತ್ತಲ ಊರಿನವರು ನೋಡಿ ಮುಗಿಸಿದರೆ ಪ್ರೇಕ್ಷಕರು ತೀರಿದಂತೆ. ಆಗ ಹೊಸ ನಾಟಕ ಏರಿಸಬೇಕು, ಇಲ್ಲವೇ ಡೇರೆ ಕಿತ್ತು ಸಿಂಧನೂರಿಗೋ ಬಳ್ಳಾರಿಗೋ ಹೊರಡಬೇಕು. ನ್ಯೂಯಾರ್ಕ್‌ಗೆ ಪ್ರತಿ ವಾರ ಹೊಸ ಪ್ರವಾಸಿಗರು ಬರುತ್ತಾರೆ. ಹಾಗಾಗಿ ಅಲ್ಲಿ ನಾಟಕ ಕೂತಲ್ಲೇ ಕೂರುತ್ತದೆ, ಪಾತ್ರಧಾರಿಗಳು ಮಾತ್ರ ಬದಲಾಗುತ್ತಾರೆ.