ಸಹಾರಾದ ಹಳೆಯ ಸಾರ್ಥಮಾರ್ಗಗಳ ನಕ್ಷೆಯನ್ನು ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಮೊರಾಕೋದ ಸಿಜಿಲ್ಮಾಸಾದಿಂದ ಮಾಲಿಯ ಟಿಂಬಕ್ಟುವಿನ ಕಡೆಗೆ ಹೋಗುತ್ತಿದ್ದ ಮಧ್ಯಯುಗದ ಒಂಟೆ ಸಾರ್ಥಗಳ, ಅಂದರೆ ವ್ಯಾಪಾರಿ ತಂಡಗಳ, ದಾರಿಯನ್ನು ಒಂದೊಂದು ಪುಸ್ತಕ ಒಂದೊಂದು ಬಗೆಯಲ್ಲಿ ತೋರಿಸುತ್ತದೆ. ಯಾವ ಗೆರೆಯನ್ನು ನಂಬುವುದು? ನೀವೇ ನಕ್ಷೆ ಮಾಡುವುದಾದರೆ ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳುವುದು? ನನ್ನ ಉದ್ಯೋಗ ನೀರಾವರಿ ನಕ್ಷೆಗಳದ್ದು. ಕಚೇರಿ ಮುಗಿದ ಮೇಲಿನ ಹೊತ್ತು ಹಲವು ವರ್ಷಗಳಿಂದ ಸಹಾರಾದ ಹಳೆಯ ದಾರಿಗಳಿಗೆ ಮೀಸಲು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಆ ಗೆರೆಗಳಲ್ಲಿ ಯಾವುದನ್ನೂ ಗೆರೆಯಾಗಿ ನಂಬಬೇಡಿ. ಅಲ್ಲಿ ಖಚಿತವಾಗಿ ಇದ್ದದ್ದು ಬಾವಿಗಳು, ಉಪ್ಪಿನ ಗಣಿಗಳು, ಓಯಸಿಸ್‌ಗಳು. ಎರಡು ಬಾವಿಗಳ ನಡುವೆ ಸಾರ್ಥ ಎಲ್ಲಿ ನಡೆಯಿತು ಎಂಬುದು ಆ ವರ್ಷದ ಮಳೆ, ಒಂಟೆಗಳಿಗೆ ಸಿಗುವ ಮೇವು, ದರೋಡೆಕೋರರ ಭಯ, ದಾರಿ ತೋರಿಸುವವನ ತಿಳಿವಳಿಕೆ ಇವೆಲ್ಲವನ್ನೂ ಅವಲಂಬಿಸಿತ್ತು. ಹೋದ ವರ್ಷ ನಡೆದಲ್ಲೇ ಈ ವರ್ಷವೂ ನಡೆಯಬೇಕೆಂಬ ನಿಯಮವೇನೂ ಇರಲಿಲ್ಲ. ಹೀಗಿರುವಾಗ ಮುದ್ರಿತ ನಕ್ಷೆಯ ಕೆಂಪು ಗೆರೆಯು ತನಗಿಲ್ಲದ ನಿಖರತೆಯನ್ನು ಹೇಳಿಕೊಳ್ಳುತ್ತದೆ. ಮುಂದಿನ ಪುಸ್ತಕ ಅದನ್ನೇ ನಕಲು ಮಾಡುತ್ತದೆ. ನಕ್ಷೆ ಮಾಡುವವನಾಗಿ ನನಗೆ ಇದು ನಿಜಕ್ಕೂ ನೋವು ಕೊಡುವ ವಿಷಯ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. 1352ರಲ್ಲಿ ಈ ದಾರಿಯಲ್ಲಿ ಸ್ವತಃ ನಡೆದು ಬರೆಸಿದವನು ಮೊರಾಕೋದ ಪ್ರವಾಸಿ ಇಬ್ನ್ ಬತೂತ. ಸುಮಾರು ಹತ್ತು ವರ್ಷ ಮೊದಲು ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಹೋಗಿದ್ದನಲ್ಲ, ಅವನೇ. ಹಿಜರಿ 753ರ ಮೊಹರಂ ತಿಂಗಳ ಆರಂಭದಲ್ಲಿ, ಅಂದರೆ ಫೆಬ್ರುವರಿಯಲ್ಲಿ, ಅವನು ಸಿಜಿಲ್ಮಾಸಾ ಬಿಟ್ಟ. 25 ದಿನಗಳಲ್ಲಿ ತಘಾಜಾ ಎಂಬ ಉಪ್ಪಿನ ಗಣಿಯ ಊರು ಸಿಕ್ಕಿತು. ಅಲ್ಲಿ ಮನೆ ಮಸೀದಿಗಳ ಗೋಡೆಯೂ ಉಪ್ಪಿನ ಚಪ್ಪಡಿಯದೇ, ಚಾವಣಿಗೆ ಒಂಟೆಯ ಚರ್ಮ. ಹತ್ತು ದಿನ ತಂಗಿ ಹೊರಟರು. ಮುಂದೆ ತಾಸರಹ್ಲಾ ಎಂಬ ನೀರಿನ ನೆಲೆಯಲ್ಲಿ ಸಾರ್ಥಗಳು ಮೂರು ದಿನ ನಿಲ್ಲುವುದು ವಾಡಿಕೆ. ಚರ್ಮದ ನೀರಚೀಲಗಳಿಗೆ ತೇಪೆ ಹಾಕಿ, ಬಿಸಿಗಾಳಿಗೆ ನೀರು ಆರದಂತೆ ಮೇಲೆ ಗೋಣಿಯಂಥ ಒರಟು ಬಟ್ಟೆ ಹೊಲಿಯುವ ಕೆಲಸ ಅಲ್ಲಿ ನಡೆಯುತ್ತಿತ್ತು. ಹೊರಟ ದಿನದಿಂದ ಸರಿಯಾಗಿ ಎರಡು ಚಾಂದ್ರಮಾಸಕ್ಕೆ ಅವರು ಮರುಭೂಮಿಯ ದಕ್ಷಿಣ ಅಂಚಿನ ವಲಾತಾ ತಲುಪಿದರು.

ಎರಡು ಚಾಂದ್ರಮಾಸವೆಂದರೆ 59 ದಿನ. ತಘಾಜಾದವರೆಗಿನ 25, ಅಲ್ಲಿ ತಂಗಿದ 10, ತಾಸರಹ್ಲಾದ 3 ಕಳೆದರೆ ತಘಾಜಾದಿಂದ ವಲಾತಾಕ್ಕೆ ನಡೆದ ದಿನಗಳಾಗಿ ಉಳಿಯುವುದು 21. ಸಿಜಿಲ್ಮಾಸಾದಿಂದ ತಘಾಜಾಕ್ಕೆ ಇಂದಿನ ನಕ್ಷೆಯಲ್ಲಿ ನೇರ ದೂರ ಸುಮಾರು 855 ಕಿಲೋಮೀಟರ್, ಅಂದರೆ ದಿನಕ್ಕೆ 34. ತಘಾಜಾದಿಂದ ವಲಾತಾಕ್ಕೆ ಸುಮಾರು 730, ಅದು ದಿನಕ್ಕೆ 35. ಹೊರೆ ಹೊತ್ತ ಒಂಟೆ ದಿನಕ್ಕೆ 30ರಿಂದ 40 ಕಿಲೋಮೀಟರ್ ನಡೆಯುತ್ತದೆ. ಆರುನೂರು ಎಪ್ಪತ್ತು ವರ್ಷಗಳ ಹಿಂದೆ ನೆನಪಿನಿಂದ ಬರೆಸಿದ ದಿನಗಳ ಲೆಕ್ಕ ಇಂದಿನ ಅಕ್ಷಾಂಶ ರೇಖಾಂಶಗಳಿಗೆ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದನ್ನು ಕಂಡಾಗ ನನಗೆ ಮೈ ಝುಮ್ಮೆಂದಿತ್ತು.

ಹಾಗಾದರೆ ದಾರಿ ಹೆಚ್ಚುಕಡಿಮೆ ನೇರವಾಗಿಯೇ ಇತ್ತು, ಗೆರೆ ಎಳೆದುಬಿಡೋಣ ಅನ್ನಿಸುತ್ತದೆ. ಇಲ್ಲಿಯೇ ಎಚ್ಚರ ಬೇಕು. ದಿನಕ್ಕೆ ಹೆಚ್ಚೆಂದರೆ 40 ಕಿಲೋಮೀಟರ್ ನಡೆದರೆಂದುಕೊಂಡರೆ 25 ದಿನಕ್ಕೆ 1,000 ಕಿಲೋಮೀಟರ್. ಸಿಜಿಲ್ಮಾಸಾ ಮತ್ತು ತಘಾಜಾಗಳನ್ನು ಎರಡು ನಾಭಿಗಳಾಗಿಟ್ಟು, ಒಟ್ಟು ದೂರ 1,000 ಕಿಲೋಮೀಟರ್ ಮೀರದಂತೆ ದೀರ್ಘವೃತ್ತ ಎಳೆದು ನೋಡಿ. ನಟ್ಟನಡುವೆ ಅದು ನೇರ ಗೆರೆಯಿಂದ ಎರಡೂ ಕಡೆಗೆ ಸುಮಾರು 260 ಕಿಲೋಮೀಟರ್ ಹರಡಿಕೊಳ್ಳುತ್ತದೆ. ಲೆಕ್ಕದಲ್ಲಿ ಉಳಿದ 145 ಕಿಲೋಮೀಟರಿನ ಸಡಿಲ ಅಷ್ಟು ದೂರ ಬಳಸಿ ಹೋಗಲು ಸಾಕಾಗುತ್ತದೆ! ದಿನಗಳ ಲೆಕ್ಕ ಊರುಗಳ ಗುರುತನ್ನು ಗಟ್ಟಿ ಮಾಡುತ್ತದೆಯೇ ಹೊರತು ಊರುಗಳ ನಡುವಿನ ದಾರಿಯನ್ನು ಹೇಳುವುದಿಲ್ಲ. ಆದ್ದರಿಂದ ನಿಮ್ಮ ನಕ್ಷೆಯ ಮೊದಲ ಪದರದಲ್ಲಿ ಗೆರೆಯ ಬದಲು ಈ ದೀರ್ಘವೃತ್ತ ಇರಲಿ. ಅದರೊಳಗೆ ಬಾವಿಗಳನ್ನು ಇಡುತ್ತಾ, ದಾಟಲು ಕಷ್ಟವಾದ ಮರಳುದಿಬ್ಬಗಳನ್ನು ಕಳೆಯುತ್ತಾ ಹೋಗಿ. ಈ ಭಾಗದಲ್ಲಿ ಇಗೀದಿ ಮರಳುಸಾಗರ ಈಶಾನ್ಯದಿಂದ ನೈಋತ್ಯಕ್ಕೆ ಅಡ್ಡಲಾಗಿ ಮಲಗಿದೆ. ಬಾವಿ ಮತ್ತು ದಿಬ್ಬಗಳ ನಡುವೆ ಉಳಿಯುವ ಪಟ್ಟಿ ಎಷ್ಟು ಅಗಲವೋ ಅಷ್ಟೇ ಅಗಲವಾಗಿ ಅದನ್ನು ತೋರಿಸಿ.

ಗ್ರಂಥಗಳ ವಿಚಾರ. 951ರಲ್ಲಿ ಸಿಜಿಲ್ಮಾಸಾಕ್ಕೆ ಹೋಗಿದ್ದ ಇಬ್ನ್ ಹೌಕಲ್, 1068ರಲ್ಲಿ ಬರೆದ ಅಲ್ ಬಕ್ರಿ, 1154ರಲ್ಲಿ ಸಿಸಿಲಿಯ ರಾಜನಿಗಾಗಿ ಭೂಗೋಳ ಮುಗಿಸಿದ ಅಲ್ ಇದ್ರೀಸಿ, ಆಮೇಲೆ ಇಬ್ನ್ ಬತೂತ. ಇವರಲ್ಲಿ ಅಲ್ ಬಕ್ರಿ ಸ್ಪೇನಿನಲ್ಲೇ ಕುಳಿತು ವ್ಯಾಪಾರಿಗಳಿಂದಲೂ ಹಳೆಯ ಬರಹಗಳಿಂದಲೂ ಸಂಗ್ರಹಿಸಿದವನು. ಆದರೂ ಬಾವಿಯಿಂದ ಬಾವಿಗೆ ಎಷ್ಟು ದಿನ ಎಂಬುದನ್ನು ಅವನಷ್ಟು ತಾಳ್ಮೆಯಿಂದ ದಾಖಲಿಸಿದವರು ಕಡಿಮೆ. ಕಣ್ಣಾರೆ ಕಂಡವನು, ಕೇಳಿ ಬರೆದವನು ಎಂಬ ಭೇದವನ್ನು ನಿಮ್ಮ ದತ್ತಾಂಶದಲ್ಲಿ ಪ್ರತಿ ಸ್ಥಳದ ಮುಂದೆಯೂ ಗುರುತು ಮಾಡಿಕೊಳ್ಳಿ. ಇದ್ರೀಸಿಯ ನಕ್ಷೆಯಲ್ಲಿ ದಕ್ಷಿಣ ಮೇಲಿದೆ ಎಂಬುದೂ ನೆನಪಿರಲಿ.

ಇನ್ನು ಕಾಲದ ವಿಷಯ. ಇದನ್ನು ನಾನು ಬಾವಿಗಳಷ್ಟೇ ಮುಖ್ಯವೆಂದು ತಿಳಿಯುತ್ತೇನೆ. ನೀವು ಹೇಳುವ ಸಿಜಿಲ್ಮಾಸಾ–ಟಿಂಬಕ್ಟು ದಾರಿ ಎಲ್ಲ ಶತಮಾನಗಳಿಗೂ ಸಲ್ಲುವುದಿಲ್ಲ. ಸಿಜಿಲ್ಮಾಸಾ ಹುಟ್ಟಿದ್ದು ಸುಮಾರು 757ರಲ್ಲಿ. ಮೊದಲ ಕೆಲವು ಶತಮಾನ ದಕ್ಷಿಣದ ತುದಿಯಲ್ಲಿದ್ದದ್ದು ಔದಘಸ್ತ್. ಮಾರಿಟಾನಿಯಾದ ತೆಗ್ದಾವುಸ್ತ್‌ನಲ್ಲಿ ಉತ್ಖನನವಾದ ನಗರವೇ ಅದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1054–55ರ ಹೊತ್ತಿಗೆ ಅಲ್ಮೊರಾವಿದರು ಎಂಬ ಬರ್ಬರ್ ರಾಜವಂಶದವರು ಸಿಜಿಲ್ಮಾಸಾವನ್ನೂ ಔದಘಸ್ತನ್ನೂ ವಶಪಡಿಸಿಕೊಂಡರು. ಇಬ್ನ್ ಬತೂತನ ಕಾಲಕ್ಕೆ ಮರುಭೂಮಿ ಮುಗಿಯುವ ಊರು ವಲಾತಾ. ಟಿಂಬಕ್ಟು ಅದನ್ನು ಹಿಂದಿಕ್ಕಿದ್ದು ಆಮೇಲೆ. ಮೊರಾಕೋದ ದಾಳಿಗಳ ನಂತರ 16ನೇ ಶತಮಾನದ ಕೊನೆಗೆ ತಘಾಜಾ ಪಾಳುಬಿದ್ದು, ಉಪ್ಪಿನ ಕೆಲಸ ದಕ್ಷಿಣದ ತಾವುದೆನ್ನಿಗೆ ಸರಿಯಿತು. ದಾರಿಗಳು ಸಾಯುವುದೂ ಹೊಸ ಸಂಗತಿಯಲ್ಲ: ಈಜಿಪ್ಟಿನಿಂದ ಆ ಕಾಲದ ಘಾನಾ ರಾಜ್ಯಕ್ಕೆ (ಇಂದಿನ ಘಾನಾ ದೇಶವಲ್ಲ) ಹೋಗುತ್ತಿದ್ದ ದಾರಿಯನ್ನು ಮರಳುಗಾಳಿಯ ಕಾರಣಕ್ಕೆ ಜನ ಕೈಬಿಟ್ಟರೆಂದು ಇಬ್ನ್ ಹೌಕಲ್ 10ನೇ ಶತಮಾನದಲ್ಲೇ ಬರೆದಿದ್ದಾನೆ. ಔದಘಸ್ತ್, ತಘಾಜಾ, ಟಿಂಬಕ್ಟು, ತಾವುದೆನ್ನಿ ಎಲ್ಲವನ್ನೂ ಒಂದೇ ಬಣ್ಣದಲ್ಲಿ ಒಂದೇ ಹಾಳೆಯ ಮೇಲೆ ತೋರಿಸುವ ನಕ್ಷೆ ಎಂದೂ ಇರದಿದ್ದ ಒಂದು ಸಹಾರಾವನ್ನು ತೋರಿಸುತ್ತದೆ. ಪ್ರತಿ ಬಿಂದುವಿಗೂ ಆರಂಭದ ಕಾಲ, ಅಂತ್ಯದ ಕಾಲ ಎಂಬ ಎರಡು ಕಲಂ ಇಡಿ. ಆಮೇಲೆ ಶತಮಾನಕ್ಕೊಂದು ನಕ್ಷೆ ತಾನೇ ಬರುತ್ತದೆ.

ಉಪಗ್ರಹ ಚಿತ್ರಗಳಿಂದ ದಾರಿ ಕಾಣುವುದಿಲ್ಲವೇ ಎಂದೂ ಕೇಳಿದ್ದೀರಿ. ಕಾಣುತ್ತದೆ, ಜಲ್ಲಿಕಲ್ಲಿನ ಬಯಲುಗಳಲ್ಲಿ. ಸಾವಿರಾರು ಒಂಟೆಗಳ ಪಾದ ಕಲ್ಲುಗಳನ್ನು ಪಕ್ಕಕ್ಕೆ ತಳ್ಳಿ, ಒಂದರ ಪಕ್ಕ ಒಂದರಂತೆ ಹತ್ತಾರು ಮಸುಕು ಎಳೆಗಳು ಜಡೆಯಂತೆ ಕೂಡುತ್ತಾ ಬಿಡುತ್ತಾ ಸಾಗುತ್ತವೆ. ಮರಳುದಿಬ್ಬ ಬಂದ ಕೂಡಲೇ ಎಲ್ಲ ಮಾಯ. 1960ರ ದಶಕದ ಅಮೆರಿಕದ ಕರೋನಾ ಬೇಹು ಉಪಗ್ರಹಗಳ ಚಿತ್ರಗಳು 1995ರಿಂದ ಸಾರ್ವಜನಿಕರಿಗೆ ಲಭ್ಯವಾಗಿವೆ. ವಾಹನಗಳ ಗಾಲಿ ಗುರುತು ಎಲ್ಲೆಡೆ ಹರಡುವ ಮುಂಚಿನ ಮರುಭೂಮಿ ಅವುಗಳಲ್ಲಿರುವುದರಿಂದ ನಾನು ಮೊದಲು ತೆರೆಯುವುದು ಅವನ್ನೇ. ಆದರೆ ಕಾಲುದಾರಿಯ ಗುರುತಿಗೆ ತಾರೀಕು ಇರುವುದಿಲ್ಲ. ತಾವುದೆನ್ನಿಯಿಂದ ಟಿಂಬಕ್ಟುವಿಗೆ ಉಪ್ಪು ಹೊತ್ತ ಒಂಟೆಗಳು 20ನೇ ಶತಮಾನದುದ್ದಕ್ಕೂ ನಡೆದಿವೆ. ಚಿತ್ರದಲ್ಲಿ ಕಂಡ ಎಳೆ 12ನೇ ಶತಮಾನದ್ದೇ ಎಂದು ಹೇಳಲು ಅದರ ಮಗ್ಗುಲಲ್ಲಿ ಮಡಕೆ ಚೂರೋ ಸಮಾಧಿ ಶಾಸನವೋ ಸಿಗಬೇಕು.

ಅಂಥ ಸಾಕ್ಷ್ಯಗಳಲ್ಲಿ ನನ್ನನ್ನು ಬಹುವಾಗಿ ಕಲಕಿದ್ದು ಒಂದು. 1964ರಲ್ಲಿ ಫ್ರೆಂಚ್ ವಿಜ್ಞಾನಿ ತಿಯೊಡೋರ್ ಮೊನೊ ಮಾರಿಟಾನಿಯಾದ ಮಜಾಬಾತ್ ಅಲ್ ಕುಬ್ರಾ ಎಂಬ ನೀರಿಲ್ಲದ ಮರಳುಗಾಡಿನಲ್ಲಿ ಯಾರೋ ಬಿಟ್ಟುಹೋದ ಹೊರೆಯೊಂದನ್ನು ಪರಿಶೀಲಿಸಿದರು. ಆ ಜಾಗಕ್ಕೆ ಮಾದೆನ್ ಇಜಾಫೆನ್ ಎಂದು ಹೆಸರು. ಎರಡು ಸಾವಿರಕ್ಕೂ ಹೆಚ್ಚು ಹಿತ್ತಾಳೆಯ ಸರಳುಗಳು, ಸುಮಾರು ಒಂದು ಟನ್ ತೂಕ, ಜೊತೆಗೆ ಕವಡೆಗಳು, ಚಾಪೆ ಮತ್ತು ಹಗ್ಗದ ತುಂಡುಗಳು. ಕಾಲ ಸುಮಾರು 12ನೇ ಶತಮಾನದ ಆಸುಪಾಸು. ಹೊತ್ತವರು ಹೂತಿಟ್ಟು ಹೋದರು, ಮರಳಿ ಬರಲೇ ಇಲ್ಲ. ಮುದ್ರಿತ ನಕ್ಷೆಗಳ ಕೆಂಪು ಗೆರೆಗಳು ತಪ್ಪಿಸಿಕೊಂಡು ಹೋಗುವ ಜಾಗ ಇದು. ಆದರೂ ಅಲ್ಲಿ ಒಂದು ಸಾರ್ಥ ನಡೆದಿತ್ತು. ಆ ಕವಡೆಗಳ ತವರು ನಮ್ಮ ಕರಾವಳಿಯಿಂದ ಆಚೆಗಿನ ಮಾಲ್ಡೀವ್ಸ್. ಅಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತನೇ ಬೆಲೆ ಹೇಳಿದ್ದಾನೆ: ದ್ವೀಪಗಳಲ್ಲಿ ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ, ಕೆಲವೊಮ್ಮೆ 12 ಲಕ್ಷ, ನೈಜರ್ ನದಿಯ ದಂಡೆಯ ಗಾವೋದಲ್ಲಿ ಅದೇ ದಿನಾರಿಗೆ 1,150. ಸಹಾರಾದ ನಕ್ಷೆಯನ್ನು ಸಹಾರಾದ ಅಂಚಿಗೇ ಕತ್ತರಿಸಬಾರದೆನ್ನಲು ನನಗೆ ಈ ಎರಡು ಬೆಲೆಗಳೇ ಸಾಕು.

ನಕ್ಷೆಗಳು ಸಾಮಾನ್ಯವಾಗಿ ಮರೆಯುವುದು ಮನುಷ್ಯರನ್ನು. ವಲಾತಾ ಇನ್ನೂ ದೂರವಿರುವಾಗಲೇ ಮಸೂಫಾ ಬುಡಕಟ್ಟಿನ ಒಬ್ಬನನ್ನು ಕಾಗದಗಳ ಸಮೇತ ಮುಂದೆ ಕಳಿಸುತ್ತಿದ್ದರು. ಅವನಿಗೆ ತಕ್ಷೀಫ್ ಎಂದು ಹೆಸರು. ಅವನು ಊರು ಮುಟ್ಟಿದರೆ ಅಲ್ಲಿಯವರು ನಾಲ್ಕು ದಿನದ ದಾರಿ ಎದುರು ಬಂದು ನೀರು ಕೊಡುತ್ತಾರೆ. ಅವನು ದಾರಿಯಲ್ಲೇ ಸತ್ತರೆ ಸುದ್ದಿ ಮುಟ್ಟುವುದಿಲ್ಲ. ಸಾರ್ಥದ ಎಲ್ಲರೂ ಅಥವಾ ಬಹುಮಂದಿ ಅಳಿಯುತ್ತಾರೆ. ಇಬ್ನ್ ಬತೂತನ ಸಾರ್ಥ ಇದಕ್ಕೆ 100 ಮಿಸ್ಕಾಲ್ (ಚಿನ್ನದ ತೂಕದ ಅಳತೆ) ಚಿನ್ನ ಕೊಟ್ಟಿತು. ದಾರಿ ತೋರಿಸುವವನಿಗೆ ಒಂದು ಕಣ್ಣು ಹೋಗಿತ್ತು, ಇನ್ನೊಂದು ರೋಗದ್ದು. ಆದರೂ ಅವನಷ್ಟು ದಾರಿ ಬಲ್ಲವರು ಬೇರೆ ಇರಲಿಲ್ಲ ಎಂದು ಇಬ್ನ್ ಬತೂತ ಬೆರಗಿನಿಂದ ಬರೆಸಿದ್ದಾನೆ. ಆ ನಾಲ್ಕು ದಿನದ ನೀರಿನ ವಲಯವನ್ನು ನಾನು ನನ್ನ ನಕ್ಷೆಯಲ್ಲಿ ವಲಾತಾದ ಸುತ್ತ ಕಮಾನಿನಂತೆ ಗುರುತಿಸಿದ್ದೇನೆ. ಅಲ್ಲಿ ಬಾವಿ ಇಲ್ಲದಿದ್ದರೂ ನೀರು ಇತ್ತು, ಜನ ಹೊತ್ತು ತಂದ ನೀರು.

ತಘಾಜಾದ ಉಪ್ಪನ್ನು ಅಗೆದವರು ಮಸೂಫಾ ಜನರ ಗುಲಾಮರು. ಮರ ಹುಟ್ಟದ ಆ ನೆಲದಲ್ಲಿ ಹೊರಗಿನಿಂದ ಬಂದ ಖರ್ಜೂರ, ಧಾನ್ಯ, ಒಂಟೆಯ ಮಾಂಸ ತಿಂದು ಬದುಕುತ್ತಿದ್ದರು. ಒಂದು ಹೊರೆ ಉಪ್ಪಿಗೆ ವಲಾತಾದಲ್ಲಿ 8ರಿಂದ 10 ಮಿಸ್ಕಾಲ್, ಮಾಲಿಯ ರಾಜಧಾನಿಯಲ್ಲಿ 20ರಿಂದ 30, ಕೆಲವೊಮ್ಮೆ 40. ಮರಳುವಾಗ ಇಂದಿನ ನೈಜರ್ ದೇಶದ ತಕದ್ದಾದಿಂದ ಇಬ್ನ್ ಬತೂತ ಸೇರಿಕೊಂಡ ಸಾರ್ಥದಲ್ಲಿ 600 ಮಂದಿ ಗುಲಾಮ ಹೆಂಗಸರಿದ್ದರು. ನಕ್ಷೆಗಳು ಉತ್ತರದಿಂದ ಉಪ್ಪಿನ ಚಿಹ್ನೆ, ದಕ್ಷಿಣದಿಂದ ಚಿನ್ನದ ಚಿಹ್ನೆ ಹಾಕಿ ಮುಗಿಸುತ್ತವೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಆ 600 ಮಂದಿ ನಡೆದ ದಾರಿ ಎಂದು ಬರೆದೇ ತೋರಿಸಿ.

ತಂತ್ರಾಂಶಕ್ಕೆ ಕ್ಯೂಜಿಐಎಸ್ ಸಾಕು, ಉಚಿತ. ಎತ್ತರದ ದತ್ತಾಂಶಕ್ಕೆ ಎಸ್ಆರ್‌ಟಿಎಂ. ಅತಿ ಸುಲಭ ದಾರಿ ಹುಡುಕಿಕೊಡುವ ಸಾಧನಗಳನ್ನು ಹಾಗೆಯೇ ಓಡಿಸಬೇಡಿ. ಅವು ಸಾಮಾನ್ಯವಾಗಿ ಏರು ಇಳಿಜಾರನ್ನೇ ಶ್ರಮದ ಅಳತೆಯಾಗಿ ಹಿಡಿಯುತ್ತವೆ. ಇಲ್ಲಿ ಶ್ರಮವನ್ನು ನಿರ್ಧರಿಸುವುದು ನೀರು, ಮೇವು, ಸಡಿಲ ಮರಳು. ಆ ಪದರಗಳನ್ನು ನೀವೇ ಕಟ್ಟಿಕೊಳ್ಳಬೇಕು.

ಅಭ್ಯಾಸಕ್ಕೆ ಇಬ್ನ್ ಬತೂತನ ಹೋಗುವ ದಾರಿಗಿಂತ ಮರಳುವ ದಾರಿಯನ್ನು ಎತ್ತಿಕೊಳ್ಳಿ ಎನ್ನುತ್ತೇನೆ. 1353ರ ಸೆಪ್ಟೆಂಬರಿನಲ್ಲಿ ತಕದ್ದಾದಿಂದ ತುವಾತ್ ಓಯಸಿಸ್‌ಗಳ ಕಡೆಗೆ, 70 ದಿನಗಳ ಬುತ್ತಿ ಕಟ್ಟಿಕೊಂಡು ಹೊರಟದ್ದು. ನಡುವೆ ಒಂದು ಕಡೆ ಈಜಿಪ್ಟಿನ ದಾರಿಯೂ ತುವಾತ್ ದಾರಿಯೂ ಕವಲೊಡೆಯುತ್ತವೆ. ಅಲ್ಲಿಯ ನೀರು ಕಬ್ಬಿಣದ ಮೇಲೆ ಹರಿಯುತ್ತದೆ, ಬಿಳಿ ಬಟ್ಟೆ ಒಗೆದರೆ ಕಪ್ಪಾಗುತ್ತದೆ ಎಂದು ಅವನು ಹೇಳುತ್ತಾನೆ. ಏರ್ ಬೆಟ್ಟಸಾಲಿನ ಉತ್ತರಕ್ಕೂ ಹೊಗ್ಗಾರ್ ಬೆಟ್ಟಸಾಲಿನ ದಕ್ಷಿಣಕ್ಕೂ ನಡುವಿನ ಭೂವೈಜ್ಞಾನಿಕ ನಕ್ಷೆಯನ್ನು ತೆರೆದು, ಕಬ್ಬಿಣದ ಅಂಶ ಹೆಚ್ಚಿರುವ ಶಿಲೆ ಮತ್ತು ಹಳೆಯ ಬಾವಿ ಎರಡೂ ಕೂಡುವ ಜಾಗಗಳನ್ನು ಪಟ್ಟಿ ಮಾಡಿ. ಪಟ್ಟಿ ಸಿದ್ಧವಾದಾಗ ಇಲ್ಲಿಯೇ ಕೆಳಗೆ ಹಾಕಿ. ನನ್ನ ಪಟ್ಟಿಯೊಂದಿಗೆ ಹೋಲಿಸಿ ನೋಡೋಣ.