‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಮೀಟ್’ ಸರಿಯೋ, ‘ಮೀಟಿಂಗ್’ ಸರಿಯೋ?

ತೀರ್ಥಹಳ್ಳಿಯಿಂದ ಕೆಲಸಕ್ಕೆ ಅರ್ಜಿ ಬರೆಯುತ್ತಿದ್ದೇನೆ, ಕೊನೆಯ ಸಾಲಲ್ಲಿ ಯಾವುದು ಹಾಕಲಿ ಎಂದು ಕೇಳಿದ್ದೀರಿ. ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’ ಎಂದೇ ಬರೆಯಿರಿ. ಇಲ್ಲಿನ ‘ಟು’ ನಮ್ಮ ‘ಭೇಟಿಗೆ’ ಎನ್ನುವಾಗಿನ ‘ಗೆ’ ಇದ್ದ ಹಾಗೆ. ಅದಕ್ಕೆ ನಾಮಪದವೇ ಬೇಕು. ಅನುಮಾನ ಬಂದರೆ ಆ ಜಾಗದಲ್ಲಿ ‘ಇಟ್’ ಇಟ್ಟು ಓದಿ. ‘ಲುಕ್ ಫಾರ್ವರ್ಡ್ ಟು ಇಟ್’ ಸಲೀಸಾಗಿ ಕೂರುತ್ತದೆ, ಅಂದರೆ ‘ಇಂಗ್’ ರೂಪ ಬೇಕು ಅಂತ.

ಇದಕ್ಕಿಂತ ಅಪಾಯ ‘ಯೂಸ್ಡ್ ಟು’. ಶಿವಮೊಗ್ಗದಲ್ಲಿ ಡಿಗ್ರಿ ಮಕ್ಕಳ ಅರ್ಜಿ ತಿದ್ದಿಕೊಡುತ್ತೇನೆ. ಆಗುಂಬೆ ಕಡೆಯ ಹುಡುಗನೊಬ್ಬ ‘ಐ ಯೂಸ್ಡ್ ಟು ವರ್ಕ್ ಇನ್ ಹೆವಿ ರೇನ್’ ಎಂದು ಬರೆದಿದ್ದ. ಜಡಿಮಳೆಯಲ್ಲಿ ದುಡಿದು ಅಭ್ಯಾಸವಿದೆ ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಓದುವವರಿಗೆ ಸಿಗುವ ಅರ್ಥ ‘ಮೊದಲು ಮಾಡುತ್ತಿದ್ದೆ, ಈಗಿಲ್ಲ’! ‘ಐ ಆಮ್ ಯೂಸ್ಡ್ ಟು ವರ್ಕಿಂಗ್’ ಎಂದು ತಿದ್ದಿದೆವು. ಒಂದು ‘ಆಮ್’, ಒಂದು ‘ಇಂಗ್’, ಅಷ್ಟಕ್ಕೇ ಅವನ ಕಷ್ಟಸಹಿಷ್ಣುತೆ ಕಾಗದದ ಮೇಲೆ ಬಂತು. ನನಗೂ ಖುಷಿಯಾಯಿತು.

ಇನ್ನು ‘ಡಿಸ್ಕಸ್ ಅಬೌಟ್’ ಬೇಡ, ಬರೀ ‘ಡಿಸ್ಕಸ್’ ಸಾಕು. ‘ಬಗ್ಗೆ’ ಎಂಬುದು ಆ ಪದದೊಳಗೇ ಇದೆ. ‘ರಿಪ್ಲೈ ಬ್ಯಾಕ್’ ಕೂಡ ಹಾಗೆಯೇ, ‘ಬ್ಯಾಕ್’ ತೆಗೆಯಿರಿ. ‘ವಿತ್ ರೆಗಾರ್ಡ್ ಟು’ ಎನ್ನುವಾಗ ‘ರೆಗಾರ್ಡ್’ಗೆ ‘ಎಸ್’ ಇಲ್ಲ, ಸಹಿಯ ಮೇಲಿನ ‘ವಿತ್ ರೆಗಾರ್ಡ್ಸ್’ಗೆ ಇದೆ.